ಕಣಗಿಲೆಯ ಬೇಲಿ

ಅನಂತಪುರದ ಹೊರಗೆ, ಅಥಣಿ ರಸ್ತೆಯ ಮಗ್ಗುಲಿಗೆ, ಸಂಜಯ ಹೊಸ ಮನೆ ಕಟ್ಟಿಸಿದಾಗ ಅದರ ಒಂದೊಂದು ವಸ್ತುವನ್ನೂ ಅವನ ಹೆಂಡತಿ ಉಜ್ವಲಾ ತಾನೇ ನಿಂತು ಆರಿಸಿದ್ದಳು. ನೆಲದ ಫರಸಿ ಕಲ್ಲಿಗಾಗಿ ಸಾಂಗ್ಲಿಯವರೆಗೂ ಹೋಗಿ ಬಂದಿದ್ದಳು. ಅಡುಗೆಮನೆಯ ಕಿಟಕಿ ದೊಡ್ಡದಿರಬೇಕು, ಮೂಡಲಕ್ಕೇ ಇರಬೇಕು ಎಂದು ಗೌಂಡಿಯೊಂದಿಗೆ ವಾದ ಮಾಡಿ ಗೆದ್ದಿದ್ದಳು. ದ್ರಾಕ್ಷಿ ತೋಟ, ಕಬ್ಬಿನ ಹೊಲ ಇದ್ದ ದೊಡ್ಡ ಮನೆತನದಲ್ಲಿ ಅತ್ತೆ, ನೆಗೆಣ್ಣಿಯರ ನಡುವೆ ಒಂದು ಕೋಣೆಯಲ್ಲಿ ಬಾಳಿದವಳು ಆಕೆ. ಈ ಮನೆ ಮಾತ್ರ ಪೂರ್ತಿ ಆಕೆಯದು.

ಆ ಕಿಟಕಿಯ ಎದುರಿಗೇ ಮಲಕಾರಿಯ ದೊಡ್ಡಿ ಇತ್ತು. ಮನೆ ಕಟ್ಟುವ ಕಾಲಕ್ಕೆ ಅದು ಖಾಲಿ ಬಿದ್ದಿದ್ದರಿಂದ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಲಕಾರಿ, ಅವನ ಹೆಂಡತಿ ಕೆಂಚವ್ವ, ಮಗ ಬಾಳೇಶ, ಮೂವರೂ ಆಡು ಕುರಿ ಹೊಡೆದುಕೊಂಡು ಕೃಷ್ಣಾ ದಂಡೆಯ ಹೊಲಗಳಿಗೆ ಹೋಗಿದ್ದರು. ಮಳೆಗಾಲದ ಹೊತ್ತಿಗೆ ಬಂದರು. ಆ ಸಲ ಬಂದವರು ಮತ್ತೆ ಹೋಗಲಿಲ್ಲ. ಮಲಕಾರಿಯ ಎರಡೂ ಕಣ್ಣು ಮಂಜಾಗಿ, ಮಿರಜಿನಲ್ಲಿ ಆಪರೇಷನ್ ಮಾಡಿಸಿದರೂ ಗುಣವಾಗದೆ, ಕೈ ಹಿಡಿದು ನಡೆಸುವ ಸ್ಥಿತಿಗೆ ಬಂದಿದ್ದ. ಅವನನ್ನು ಬಿಟ್ಟು ತಿರುಗುವಂತಿರಲಿಲ್ಲ. ಕುರಿ ಮಾರಿದರು, ಆಡುಗಳನ್ನು ಇಟ್ಟುಕೊಂಡರು.

ಆಡುಗಳ ನಡುವೆ ಗಡ್ಡದ ಹೋತವೊಂದಿತ್ತು. ಅದರ ಮೈಯ ಘಾಟು, ಮಳೆಯಲ್ಲಿ ನೆನೆದ ಹಿಕ್ಕಿ, ಉಚ್ಚೆ ಇಂಗಿ ಇಂಗಿ ಕಪ್ಪಾದ ನೆಲ, ಇವೆಲ್ಲ ಸೇರಿ ಬೆಳಗಿನ ಗಾಳಿಗೆ ನೇರವಾಗಿ ಉಜ್ವಲಾಳ ಒಲೆಯ ಮುಂದೆ ಬಂದು ನಿಲ್ಲುತ್ತಿದ್ದವು. ರೊಟ್ಟಿಗೆ ಹಿಟ್ಟು ಕಲೆಸಿದರೆ ಹಿಟ್ಟಿಗೂ ಅದೇ ವಾಸನೆ ಹತ್ತಿದಂತೆ ಆಕೆಗೆ ಅನಿಸುತ್ತಿತ್ತು. ಒಗೆದು ಹಾಕಿದ ಸೀರೆ ಮೂಸಿ ನೋಡಿ ಮತ್ತೆ ಒಗೆಯುತ್ತಿದ್ದಳು.

ಒಂದು ದಿನ ಹೋಗಿ ಕೆಂಚವ್ವನನ್ನು ಕೇಳಿದಳು, ದೊಡ್ಡಿಯನ್ನು ಅತ್ತ ಹಿಂದಕ್ಕೆ ಹಾಕಿಕೊಳ್ಳಲು ಆಗುವುದಿಲ್ಲವೇ ಎಂದು. ಕೆಂಚವ್ವ ನಕ್ಕಳು. ಅದರಲ್ಲಿ ಕೊಂಕು ಇರಲಿಲ್ಲ.

"ಆಡಿನ ವಾಸನಿ ಆಡಿಗಿ ಇದ್ದ ಇರತೈತ್ರಿ ಅಕ್ಕಾರ. ನಾಕ ದಿನಾ ತಡೀರಿ, ನಿಮ್ಮ ಮೂಗಿಗೂ ರೂಢಿ ಆಗತೈತಿ."

ಆ ನಗು ಉಜ್ವಲಾಳ ಹೊಟ್ಟೆಯೊಳಗೆ ಕುಳಿತುಬಿಟ್ಟಿತು. ಗಂಡನಿಗೆ ಹೇಳಿದಳು. ಸಂಜಯ ಆ ಜಾಗವನ್ನು ಒಣದ್ರಾಕ್ಷಿಯ ಶೆಡ್ಡಿಗೆಂದು ಎರಡು ಸಲ ಕೇಳಿ ನೋಡಿದ್ದನಂತೆ, ಹಿರಿಯರ ಜಾಗ ಕೊಡುವುದಿಲ್ಲ ಎಂದು ಮುದುಕ ಕಡ್ಡಿ ಮುರಿದ ಹಾಗೆ ಹೇಳಿದ್ದನಂತೆ. ಗಿಡ ಗಂಟಿ ಹಚ್ಚಿ ನೋಡು, ವಾಸನೆ ಕಮ್ಮಿಯಾಗುತ್ತದೆ ಎಂದು ಹೇಳಿ ಸಂಜಯ ತೋಟಕ್ಕೆ ಹೋದ.

ಉಜ್ವಲಾ ಹಟ ಹಿಡಿದು ಗಿಡ ಹಚ್ಚಿದಳು. ಅಥಣಿಯ ನರ್ಸರಿಯಿಂದ ದುಂಡುಮಲ್ಲಿಗೆ, ರಾತ್ರಿರಾಣಿ, ಮಧುಮಾಲತಿ ತಂದಳು. ಕಿಟಕಿಯ ಕೆಳಗೆ ದವನ, ಮರುಗ. ತಂತಿ ಬೇಲಿಯ ಉದ್ದಕ್ಕೂ ಗವತಿ ಚಹಾ ಎನ್ನುವ ನಿಂಬೆಹುಲ್ಲು. ಆ ಹುಲ್ಲಿನ ಎಸಳು ಮುರಿದು ಮೂಗಿಗೆ ಹಿಡಿದರೆ ನಿಂಬೆ ಹಿಂಡಿದಂತೆ ಘಮ್ಮೆನ್ನುತ್ತಿತ್ತು. ಬೆಳಿಗ್ಗೆ ಎದ್ದು ಮೊದಲು ಗಿಡಗಳಿಗೆ ನೀರು ಬಿಟ್ಟು ಆಮೇಲೆ ಚಹಾಕ್ಕೆ ಇಡುತ್ತಿದ್ದಳು. ಹೂ ಬಿಡುವ ಕಾಲ ಬಂದಾಗ ತಿಳಿಯಿತು, ಸುವಾಸನೆ ಬಂದರೆ ದುರ್ವಾಸನೆ ಹೋಗುವುದಿಲ್ಲ, ಎರಡೂ ಕೂಡಿಯೇ ಬರುತ್ತವೆ. ಹೋತದ ಘಾಟಿಗೆ ಮಲ್ಲಿಗೆ ಬೆರೆತು ಸಂಡಾಸಿನಲ್ಲಿ ಊದಿನಕಡ್ಡಿ ಹಚ್ಚಿಟ್ಟಂತಾಯಿತು. ಆದರೂ ಆಕೆ ಬಿಡಲಿಲ್ಲ. ದಟ್ಟವಾಗಿ ಬೆಳೆದರೆ ಗಾಳಿಯನ್ನೇ ತಡೆಯಬಹುದು ಎಂದುಕೊಂಡಳು.

ಬೆಳೆಯಲು ಆಡುಗಳು ಬಿಡಲಿಲ್ಲ. ಮನೆಯವರೆಲ್ಲ ಮದುವೆಗೆಂದು ಕಾಗವಾಡಕ್ಕೆ ಹೋಗಿದ್ದ ದಿನ ಹೋತ ತಂತಿಯ ಕೆಳಗೆ ನುಗ್ಗಿ, ಅದರ ಹಿಂದೆ ಉಳಿದವೂ ನುಗ್ಗಿ, ಮಲ್ಲಿಗೆಯನ್ನು ಬುಡದವರೆಗೆ ಮೇದು, ಮಧುಮಾಲತಿಯ ಬಳ್ಳಿ ಎಳೆದು ಹಾಕಿ ಹೋಗಿದ್ದವು. ಕೆಂಚವ್ವ ತಾನಾಗಿಯೇ ಬಂದು ತಪ್ಪಾಯಿತು ಎಂದಳು. ಅವತ್ತೇ ಈದ ಆಡಿನ ಗಿಣ್ಣವನ್ನು ಒಂದು ಚರಿಗೆ ತಂದಿದ್ದಳು. ಉಜ್ವಲಾ ಚರಿಗೆ ಇಸಿದುಕೊಂಡು, ಆಕೆ ತಿರುಗಿ ಗೇಟು ದಾಟುವ ಮೊದಲೇ, ಗಿಣ್ಣವನ್ನು ಬಚ್ಚಲಿಗೆ ಸುರುವಿದಳು. ಸುರುವಿದ ಸಪ್ಪಳ ಕೆಂಚವ್ವನಿಗೆ ಕೇಳಿಸಲಿ ಎಂದೇ ಹಾಗೆ ಮಾಡಿದಳು. ಕೆಂಚವ್ವ ನಿಂತಳು, ತಿರುಗಿ ನೋಡಲಿಲ್ಲ, ಹೋದಳು.

ನರ್ಸರಿಯವನು ಈ ಸಲ ಕಣಗಿಲೆ ಕೊಟ್ಟ. ಹೂವು ಚೆಂದ, ವಾಸನೆ ತಕ್ಕಮಟ್ಟಿಗೆ, ಬೇಲಿಯಂತೆ ಒತ್ತಾಗಿ ಬೆಳೆಯುತ್ತದೆ, ಆಡು ಬಾಯಿ ಹಚ್ಚುವುದಿಲ್ಲ ಎಂದ. ಯಾಕೆ ಹಚ್ಚುವುದಿಲ್ಲ ಎಂಬುದು ಉಜ್ವಲಾಳಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಅಕ್ಕೋಳದ ತವರಿನಲ್ಲಿ ಆಕೆ ಹುಡುಗಿಯಾಗಿದ್ದಾಗ, ಕಡಿದು ಹಾಕಿದ ಕಣಗಿಲೆಯ ಟೊಂಗೆಗಳು ಒಣಗಿ ಜೋಳದ ಕಣಿಕೆಯ ಮೇವಿನಲ್ಲಿ ಸೇರಿ, ಮನೆಯ ಎಮ್ಮೆ ಅದನ್ನು ತಿಂದು ಹೊತ್ತು ಮುಳುಗುವುದರೊಳಗೆ ಸತ್ತಿತ್ತು. ಹಸಿಯದು ಕಹಿ, ದನ ತಾನೇ ದೂರ ಇರುತ್ತದೆ, ಬಾಡಿದ್ದು ತಿಳಿಯುವುದಿಲ್ಲ ಎಂದು ಅಪ್ಪ ತಲೆ ಮೇಲೆ ಕೈಹೊತ್ತು ಹೇಳಿದ್ದು ಆಕೆಯ ನೆನಪಿನಲ್ಲಿತ್ತು. ಹಚ್ಚುವಾಗ ಮಾತ್ರ ಆಕೆಯ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ. ಬೇಲಿ ಬೇಕಿತ್ತು, ಅಷ್ಟೇ.

ಕಣಗಿಲೆ ಆಳೆತ್ತರ ಬೆಳೆಯಿತು. ದೊಡ್ಡಿ ಕಣ್ಣಿಗೆ ಮರೆಯಾಯಿತು. ಮೂಗಿಗೆ ಮರೆಯಾಗಲಿಲ್ಲ. ಬೇಲಿಯ ಆಚೆ ಸಂಜೆ ಹೊತ್ತು ಮಲಕಾರಿ, ಕೆಂಚವ್ವ ಕುಳಿತು ಮಾತಾಡುವುದು ಕೇಳಿಸುತ್ತಿತ್ತು. ಯಾವ ಆಡು ಕುಂಟುತ್ತದೆ, ಯಾವುದು ಈಯುತ್ತದೆ ಎಂಬಂಥ ಮಾತು, ನಡುನಡುವೆ ಮುದುಕ ಏನೋ ಅನ್ನುವುದು, ಮುದುಕಿ ನಗುವುದು. ಮೇವಿನ ಕೆಲಸವನ್ನು ಅವರು ಮುದುಕನಿಗೇ ಬಿಟ್ಟಿದ್ದರು. ಕಣ್ಣಿಲ್ಲದಿದ್ದರೂ ಗೋದಲಿಯ ಗುರುತು ಅವನ ಕೈಗೆ ಇತ್ತು. ಅದೊಂದು ಕೆಲಸ ಇರುವುದರಿಂದಲೇ ಅವನು ಬದುಕಿದ್ದಾನೆ ಎಂದು ಕೆಂಚವ್ವ ಓಣಿಯಲ್ಲಿ ಹೇಳಿಕೊಂಡಿದ್ದಳು.

ಆ ಬೇಸಿಗೆಯಲ್ಲಿ ಉಜ್ವಲಾಳ ತಂಗಿ ಶೀತಲ್‌ಳನ್ನು ನೋಡಲು ನಿಪ್ಪಾಣಿಯಿಂದ ಗಂಡಿನ ಕಡೆಯವರು ಬಂದರು. ಅಕ್ಕೋಳದ ಹಳೆಯ ಮನೆಗಿಂತ ಅಕ್ಕನ ಹೊಸ ಮನೆಯಲ್ಲೇ ಕನ್ಯೆ ತೋರಿಸುವುದು ಮೇಲು ಎಂದು ಎಲ್ಲರೂ ಒಪ್ಪಿದ್ದರು. ಉಜ್ವಲಾ ಮೂರು ದಿನದಿಂದ ಮನೆ ಉಜ್ಜಿದ್ದಳು. ಅಂದು ಗಾಳಿ ಮೂಡಲಿನಿಂದಲೇ ಬೀಸಿತು. ಹುಡುಗನ ತಾಯಿ ಸೆರಗು ಮೂಗಿಗೆ ಹಿಡಿದು ಕುಳಿತಳು, ತಿಂಡಿ ಫರಾಳದ ತಾಟು ಮುಟ್ಟಲಿಲ್ಲ. ಹೋಗುವಾಗ ಬಾಗಿಲಲ್ಲಿ ಮೆಲ್ಲಗೆ ಕೇಳಿದಳು.

"ಮನಿ ಒಳಗ ಕಟ್ಟತೀರೇನ್ರಿ, ಆಡು?"

ಆಮೇಲೆ ಆ ಕಡೆಯಿಂದ ಸುದ್ದಿ ಬರಲಿಲ್ಲ. ಹುಡುಗನಿಗೆ ಬೇರೆ ಕಡೆ ಮನಸ್ಸಿತ್ತು ಎಂದು ಮಧ್ಯಸ್ಥ ಹೇಳಿದ. ಉಜ್ವಲಾ ನಂಬಲಿಲ್ಲ. ಶೀತಲ್ ಎರಡು ದಿನ ಅತ್ತು ಅಕ್ಕೋಳಕ್ಕೆ ಹೋದಳು. ಆಕೆಯನ್ನು ಬಸ್ಸಿಗೆ ಹತ್ತಿಸಿ ಬಂದ ಉಜ್ವಲಾ ಸೀದಾ ಹಿತ್ತಲಿಗೆ ಹೋಗಿ ಕತ್ತರಿ ತೆಗೆದುಕೊಂಡು ಕಣಗಿಲೆಯನ್ನು ಸವರತೊಡಗಿದಳು. ಬೇಲಿ ಬಹಳ ಬೆಳೆದಿದೆ, ಸವರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಸವರಿದ್ದನ್ನು ಗುಡ್ಡೆ ಮಾಡಿ ಬಿಸಿಲಿಗೆ ಬಿಟ್ಟಳು. ಬಾಡುವವರೆಗೆ ದಿನಾ ಹೋಗಿ ಎಲೆ ಮುಟ್ಟಿ ನೋಡಿದಳು. ಮುಟ್ಟಿ ನೋಡುವಾಗ ಮಾತ್ರ ತನಗೆ ತಾನು ಏನೂ ಹೇಳಿಕೊಳ್ಳಲಿಲ್ಲ.

ಬಾಳೇಶ ಪೇಟೆಗೆ, ಕೆಂಚವ್ವ ಹೊಲದ ಕೂಲಿಗೆ ಹೋಗಿದ್ದ ಒಂದು ಮುಂಜಾನೆ ಉಜ್ವಲಾ ಹಿತ್ತಲಲ್ಲಿ ಈಳಿಗೆ ಹಾಕಿಕೊಂಡು ಕುಳಿತಳು. ಬಾಡಿದ ಎಲೆಗಳನ್ನು ಕಬ್ಬಿನ ಸೋಗೆಯ ಜೊತೆ ಸಣ್ಣಗೆ ಹೆಚ್ಚಿದಳು. ಚೀಲಕ್ಕೆ ತುಂಬಿ, ಮೇಲೆ ಗವತಿ ಚಹಾವನ್ನು ಹಿಸುಕಿ ಹಿಸುಕಿ ಹರವಿದಳು. ಕೈ ತೊಳೆದಳು, ಉಗುರಿನ ಸಂದು ಬಿಡದೆ. ಆಮೇಲೆ ಚೀಲ ಎತ್ತಿಕೊಂಡು ರಸ್ತೆಯ ಕಡೆಯಿಂದ ಸುತ್ತು ಹಾಕಿ ಹೋದಳು.

ಮಲಕಾರಿ ಗೋದಲಿಯ ಹತ್ತಿರ ಬೇವಿನ ನೆರಳಿನಲ್ಲಿ ಕುಳಿತಿದ್ದ. ಹೆಜ್ಜೆ ಸಪ್ಪಳಕ್ಕೆ ಮುಖ ಎತ್ತಿದ.

"ಯಾರ್ರಿ?"

"ನಾನ ಮುತ್ಯಾ, ಬಾಜೂ ಮನಿ ಉಜ್ವಲಾ. ಸೊಲ್ಪ ಮೇವ ತಂದೀನಿ."

ಮುದುಕನಿಗೆ ಆಶ್ಚರ್ಯವಾಯಿತು. ಎದ್ದು ನಿಂತ. ಚೀಲದೊಳಗೆ ಕೈ ಹಾಕಿ ಮುಷ್ಟಿಯಷ್ಟು ತೆಗೆದು ಮೂಗಿಗೆ ಹಿಡಿದ.

"ಘಮ್ ಅಂತೈತೆಲ್ಲ ಯವ್ವಾ. ಏನಿದು?"

"ಕಬ್ಬಿನ ಸೋಗಿ. ಗವತಿ ಚಹಾ ಬಾಳ ಬೆಳದಿತ್ತು, ಅದನ್ನೂ ಹೆಚ್ಚಿ ಹಾಕೀನಿ."

ಮುದುಕ ನಕ್ಕ. ಇಷ್ಟು ದಿನ ಮನಸ್ಸಿನಲ್ಲಿ ಸಿಟ್ಟು ಇಟ್ಟುಕೊಂಡಿದ್ದೀರೋ ಏನೋ ಎಂದು ಮನೆಯಾಕೆ ಕೊರಗುತ್ತಿದ್ದಳು, ಹೇಳಿದರೆ ಆಕೆಗೆ ಸಂತೋಷವಾಗುತ್ತದೆ ಎಂದ. ಹೋತಕ್ಕೆ ಪ್ರತ್ಯೇಕ ಹಾಕುವುದೋ ಎಲ್ಲಕ್ಕೂ ಹಂಚುವುದೋ ಎಂದು ತಾನೇ ಕೇಳಿಕೊಂಡು, ಎಲ್ಲಕ್ಕೂ ಹಂಚಿದರಾಯಿತು, ಬಾಯಿಯಿಲ್ಲದ ಜೀವಗಳಲ್ಲಿ ಭೇದ ಯಾಕೆ ಎಂದು ತಾನೇ ಉತ್ತರ ಹೇಳಿಕೊಂಡ. ಗೋದಲಿಯ ಉದ್ದಕ್ಕೂ ಕೈಯಾಡಿಸುತ್ತ ಒಂದೇ ಸಮನೆ ಹರವಿದ. ಉಜ್ವಲಾ ಅದು ಮುಗಿಯುವವರೆಗೆ ನಿಂತಿದ್ದಳು. ಖಾಲಿ ಚೀಲ ಇಸಿದುಕೊಂಡು ಬಂದಳು.

ಮಧ್ಯಾಹ್ನ ಕೆಂಚವ್ವ ಕೂಲಿಯಿಂದ ಬರುವ ಹೊತ್ತಿಗೆ ಎರಡು ಆಡು ಬಿದ್ದಿದ್ದವು. ಉಳಿದವು ಹಲ್ಲು ಕಡಿಯುತ್ತ, ಕಾಲು ನಡುಗಿಸುತ್ತ, ಒಂದರ ಮೇಲೊಂದು ಬೀಳುತ್ತಿದ್ದವು. ಅವುಗಳ ಕೂಗು ಕಣಗಿಲೆಯ ಬೇಲಿ ದಾಟಿ ಅಡುಗೆಮನೆಗೆ ಬರುತ್ತಿತ್ತು. ಉಜ್ವಲಾ ಮಿಕ್ಸರಿಗೆ ಶೇಂಗಾ ಹಾಕಿ ಗುಂಡಿ ಒತ್ತಿದಳು. ಪುಡಿ ಸಾಕಷ್ಟು ನುಣ್ಣಗಾದ ಮೇಲೂ ಒತ್ತಿಯೇ ಹಿಡಿದಿದ್ದಳು. ನಿಲ್ಲಿಸಿದಾಗ ಆಚೆ ಒಂದೇ ಮರಿ ಕೂಗುತ್ತಿತ್ತು, ಹಾಲು ಬಿಡದ ಮರಿ. ಅದು ಮೇವು ತಿನ್ನದ್ದರಿಂದ ಉಳಿಯಿತು. ಹೋತ ಎಲ್ಲಕ್ಕಿಂತ ಕಡೆಗೆ ಸತ್ತಿತು.

ದನದ ಡಾಕ್ಟರ್ ಬಂದು ಒಂದರ ಹೊಟ್ಟೆ ಕೊಯ್ದು ನೋಡಿ ಕಣಗಿಲೆ ಎಂದರು. ಸುತ್ತಮುತ್ತ ಕಣಗಿಲೆ ಇದ್ದದ್ದು ಒಂದೇ ಕಡೆ. ಬಾಳೇಶ, ಕೆಂಚವ್ವ ಮಲಕಾರಿಯ ಕೈ ಹಿಡಿದುಕೊಂಡು, ಹಿಂದೆ ಓಣಿಯ ನಾಲ್ಕು ಮಂದಿಯೊಂದಿಗೆ, ಉಜ್ವಲಾಳ ಅಂಗಳಕ್ಕೆ ಬಂದರು. ಸಂಜಯನೂ ಮನೆಯಲ್ಲಿದ್ದ, ಪಡಸಾಲೆಯ ಕಂಬಕ್ಕೆ ಆತು ನಿಂತ. ಬಾಳೇಶನ ಕಣ್ಣು ಕೆಂಪಾಗಿದ್ದವು. ಮುದುಕ ಮಾತ್ರ ಮೆತ್ತಗೆ ಮಾತಾಡಿದ, ಏನೋ ತಪ್ಪು ತಿಳಿವಳಿಕೆಯಾಗಿದೆ, ಒಂದು ಮಾತಿನಿಂದ ಸರಿಹೋಗುತ್ತದೆ ಎನ್ನುವವನ ಹಾಗೆ.

"ತಂಗಿ, ನಿಮ್ಮ ಕೈಲೆ ಇಸಗೊಂಡೀನಿ. ನಿಮಗೂ ತಿಳೀದ ಅದರಾಗ ಕಣಗಲಾ ಕೂಡಿರಬೇಕು. ಹೌದಂತ ಒಮ್ಮೆ ಇವರಿಗಿ ಹೇಳಿಬಿಡ್ರಿ."

ಅವನು ಆಕೆಗೆ ದಾರಿ ಮಾಡಿಕೊಟ್ಟಿದ್ದ. ತಿಳಿಯದೆ ಆಯಿತು ಎಂದರೆ ಮುಗಿಯುತ್ತಿತ್ತು, ಅಷ್ಟು ಸುಲಭದ ದಾರಿ. ಉಜ್ವಲಾಳಿಗೆ ಅದು ಕಾಣಿಸಿತು ಕೂಡ. ಆದರೆ ಓಣಿಯ ಮಂದಿ ನೋಡುತ್ತಿದ್ದರು, ಬಾಳೇಶ ನೋಡುತ್ತಿದ್ದ, ಈ ಮುದುಕನ ಕೃಪೆಯಲ್ಲಿ ತಾನು ಪಾರಾಗಬೇಕೇ ಎನಿಸಿತು.

"ನಾ ಕೊಟ್ಟಿದ್ದ ಸೋಗಿ, ಗವತಿ ಚಹಾ," ಎಂದಳು. "ಬೇಲ್ಯಾಗಿನ ಕಣಗಲಾ ಮುತ್ಯಾನೇ ಮುರಕೊಂಡ ಹೋಗಿರಬೇಕು. ಪಾಪ, ಕಣ್ಣ ಕಾಣೂದಿಲ್ಲ."

ಮಲಕಾರಿ ಬಾಯಿ ತೆರೆದು, ಮುಖವನ್ನು ಆಕೆಯ ದನಿ ಬಂದ ಕಡೆಗೆ ಎತ್ತಿ ನಿಂತ. ಬಾಳೇಶ ಒಂದು ಹೆಜ್ಜೆ ಮುಂದೆ ಬಂದ. ಕೆಂಚವ್ವ ಉಜ್ವಲಾಳ ಮುಖವನ್ನೇ ನೋಡಿದಳು, ಬಹಳ ಹೊತ್ತು ನೋಡಿದಳು. ಸಂಜಯನ ಕಡೆ ನೋಡಿದಳು. ಆಮೇಲೆ ಒಮ್ಮೆಲೆ ಗಂಡನ ಕಡೆ ತಿರುಗಿ ಅವನ ರಟ್ಟೆ ಹಿಡಿದು ಅಲುಗಾಡಿಸಿದಳು.

"ಕಣ್ಣ ಹೋದಮ್ಯಾಲ ಕೈ ಮಡಚ್ಕೊಂಡ ಕುಂದ್ರಬೇಕಿತ್ತು ಮುದುಕಾ. ಮನಿ ಹಾಳ ಮಾಡಿ ಮಂದಿ ಮ್ಯಾಲ ಹೇಳತಿಯೇನ?"

ಅವನನ್ನು ಎಳೆದುಕೊಂಡು ಹೋದಳು. ಬಾಳೇಶನೂ ತಾಯಿಯ ಹಿಂದೆ ಹೋದ.

ಊಟಕ್ಕೆ ಕುಳಿತಾಗ ಸಂಜಯ ತಾಟಿನಿಂದ ತಲೆ ಎತ್ತದೆ ನಕ್ಕ. ಮುಂಜಾನೆ ಚೀಲ ಹೊತ್ತುಕೊಂಡು ಹೋದದ್ದನ್ನು ಮೋಟರಿನ ಮನೆಯಿಂದ ನೋಡಿದ್ದನಂತೆ.

"ಮ್ಯಾಲ ಗವತಿ ಚಹಾ ಹಾಕಿದ್ದು ಭಾರಿ ಆತ ನೋಡ," ಎಂದ. "ನನಗೂ ಹೊಳೀತಿದ್ದಿಲ್ಲ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವನು ಆಕೆಯ ಬುದ್ಧಿಯನ್ನು ಹೊಗಳಿದ್ದು ಅದೇ ಮೊದಲು. ನಾಚಿಕೆಯಾಗುತ್ತದೆ ಎಂದುಕೊಂಡಿದ್ದಳು. ಆದದ್ದು ಖುಷಿ. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಅಂದಿನಿಂದ ಬೇಲಿಯ ಆಚೆ ಸಂಜೆಯ ಮಾತು ನಿಂತಿತು. ತಾಟು ನೆಲಕ್ಕೆ ಇಡುವ ಸಪ್ಪಳ, ಬಾಳೇಶ ಅಪ್ಪನಿಗೆ ಬೈಯುವುದು, ಇಷ್ಟೇ ಕೇಳಿಸುತ್ತಿತ್ತು. ತನ್ನ ಆಡು ತಾನೇ ಕೊಂದು ಸುಳ್ಳು ಹೇಳಿದನೆಂದು ಓಣಿಯ ಮಂದಿಯೂ ಮುದುಕನನ್ನು ಮಾತಾಡಿಸಲಿಲ್ಲ. ಮಲಕಾರಿ ಖಾಲಿ ಗೋದಲಿಯ ಹತ್ತಿರವೇ ಕುಳಿತಿರುತ್ತಿದ್ದ. ಕಣಗಿಲೆಯ ಸಂದಿನಿಂದ ಉಜ್ವಲಾ ಒಮ್ಮೊಮ್ಮೆ ನೋಡುತ್ತಿದ್ದಳು. ಒಮ್ಮೆ ಅವನು ಗೋದಲಿಯ ಮೂಲೆಯಲ್ಲಿ ಕೈಯಾಡಿಸಿ ಏನೋ ಚೂರು ಹೆಕ್ಕಿ ಮೂಸಿ ನೋಡಿ ಮತ್ತೆ ಅಲ್ಲೇ ಇಟ್ಟ. ಆಕೆ ಅವತ್ತಿನಿಂದ ಸಂದಿಯಲ್ಲಿ ನೋಡುವುದು ಬಿಟ್ಟಳು.

ಮಳೆ ಶುರುವಾಗುವ ಮುಂಚೆ ಅವನನ್ನು ರಾಯಬಾಗದ ಹತ್ತಿರದ ಮಗಳ ಊರಿಗೆ ಕಳಿಸಿದರು. ಅಲ್ಲಿ ಅವನು ಸರಿಯಾಗಿ ಉಣ್ಣಲಿಲ್ಲವಂತೆ, ಹಾಸಿಗೆ ಹಿಡಿದನಂತೆ. ದಸರಾದ ಹೊತ್ತಿಗೆ ಸತ್ತ ಸುದ್ದಿ ಬಂತು. ಕೆಂಚವ್ವ ಸುದ್ದಿ ಕೇಳಿ ಓಡಿದಳು, ಮಣ್ಣಿಗೆ ಸಿಕ್ಕಳು, ಜೀವಕ್ಕೆ ಸಿಗಲಿಲ್ಲ.

ಆ ಮೇಲೆ ಬಾಳೇಶನೇ ಬಂದು ಸಂಜಯನಿಗೆ ಜಾಗದ ಮಾತು ತೆಗೆದ. ಖರೀದಿ ತಕರಾರಿಲ್ಲದೆ ಮುಗಿಯಿತು. ಊರು ಬಿಡುವ ಹಿಂದಿನ ದಿನ ಮಧ್ಯಾಹ್ನ ಕೆಂಚವ್ವ ಒಬ್ಬಳೇ ಬಂದಳು. ಸಂಜಯ ತೋಟದಲ್ಲಿದ್ದ. ಉಜ್ವಲಾ ಹಿತ್ತಲ ಕಟ್ಟೆಯ ಮೇಲೆ, ಮತ್ತೆ ಚಿಗುರಿದ ಮಲ್ಲಿಗೆಯ ಮೊಗ್ಗು ಕಟ್ಟುತ್ತ ಕುಳಿತಿದ್ದಳು. ಕೆಂಚವ್ವ ಎದುರಿಗೆ ನೆಲದ ಮೇಲೆ ಕುಳಿತಳು. ಅಳಲಿಲ್ಲ.

"ಅವತ್ತ ನಿಮ್ಮ ಅಂಗಳದಾಗ ನಿಂತಾಗ್ಲೇ ನನಗ ಗೊತ್ತಿತ್ರಿ ಅಕ್ಕಾರ. ಗ್ವಾದಲ್ಯಾಗ ಉಳದಿದ್ದು ಸಣ್ಣಗ ಹೆಚ್ಚಿದ ಎಲಿ ತಪ್ಪಲಾ. ಕುಡಗೋಲ ಹಿಡದ್ರ ಕೈಬಟ್ಟ ಕೊಯ್ಕೊಳ್ಳೂ ಮನಶ್ಯಾ ಅಂವ, ಹಂಗ ಹೆಂಗ ಹೆಚ್ಚತಾನ?"

ಉಜ್ವಲಾ ಮೊಗ್ಗು ಕಟ್ಟುವುದು ನಿಲ್ಲಿಸಲಿಲ್ಲ.

"ನಿಮ್ಮ ಮ್ಯಾಲ ಮಾತ ತಗದಿದ್ರ ಬಾಳೇಶ ಅಲ್ಲೇ ಕೊಡ್ಲಿ ತಗೋತಿದ್ದ. ಆಮ್ಯಾಲ ನಿಮ್ಮ ಮಂದಿ ಅವನ್ನ ಉಳಸತಿದ್ರೇನು? ಗಂಡನ್ನ ಬೈದ್ರ ಮಗಾ ಉಳೀತಾನಂತ ಬೈದೆ. ಮುಂದ ಒಂದಿನಾ ಕಿವ್ಯಾಗ ಹೇಳಿದ್ರಾತು ಅಂದಕೊಂಡಿದ್ದೆ. ಮಗನ ಮುಂದ ಹೇಳಾಕ ಬರವಲ್ದು, ಸುಮ್ಮ ಇದ್ದೆ. ಹೇಳೂದ್ರಾಗ ಹೋಗಿಬಿಟ್ಟ."

ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಾಳೆ ಹೋಗುತ್ತೇವೆ, ಬಾಳೇಶನಿಗೆ ಎಂದೂ ಹೇಳುವುದಿಲ್ಲ, ಅವನು ಸಾಯಲಿ ಎಂದು ಹೆತ್ತಿಲ್ಲ ಎಂದಳು. ಆಮೇಲೆ ತಾನು ಬಂದದ್ದು ಯಾಕೆಂದು ಹೇಳಿದಳು.

"ಅಂವ ಸುಳ್ಳ ಹೇಳಿದ್ದಿಲ್ಲ ಅಂತ ನಿಮ್ಮ ಬಾಯಿಲೆ ಒಮ್ಮೆ ಕೇಳಬೇಕಾಗೇತಿ. ಇಲ್ಲಿ ಯಾರೂ ಇಲ್ಲ. ನನಗೊಬ್ಬಾಕಿಗಿ ಹೇಳ್ರಿ, ಸಾಕು."

ಹೌದು ಎಂದರೆ ಉಜ್ವಲಾಳ ಗಂಟೇನೂ ಹೋಗುತ್ತಿರಲಿಲ್ಲ. ಜಾಗ ಬರೆದುಕೊಟ್ಟಾಗಿತ್ತು, ಮುದುಕ ಮಣ್ಣಾಗಿದ್ದ, ಈ ಹೆಂಗಸು ನಾಳೆ ಇರುವುದಿಲ್ಲ. ಆ ಒಂದು ಮಾತು ನಾಲಿಗೆಯ ತುದಿಯವರೆಗೆ ಬಂದದ್ದೂ ನಿಜ. ಅಷ್ಟರಲ್ಲಿ ಕೆಂಚವ್ವನ ಸೀರೆಯಿಂದ ಆಡಿನ ವಾಸನೆ ಬಂತು. ಆಡು ಸತ್ತು ಇಷ್ಟು ತಿಂಗಳಾದರೂ ಬಂತು. ಉಜ್ವಲಾಳ ಮೂಗು ತಾನಾಗಿಯೇ ಸೊಟ್ಟಗಾಯಿತು. ಕೆಂಚವ್ವ ಅದನ್ನು ನೋಡಿದಳು.

"ನಾ ಕೊಟ್ಟಿದ್ದ ಗವತಿ ಚಹಾ, ಕೆಂಚವ್ವ," ಎಂದಳು ಉಜ್ವಲಾ.

ಕೆಂಚವ್ವ ನೆಲಕ್ಕೆ ಕೈಯೂರಿ ಎದ್ದು ಹೋದಳು. ಮರುದಿನ ಟೆಂಪೋದಲ್ಲಿ ಪಾತ್ರೆ, ಕೌದಿ, ಬದುಕಿ ಉಳಿದ ಒಂದು ಆಡನ್ನು ಏರಿಸಿಕೊಂಡು ತಾಯಿ ಮಗ ಏಕಸಂಬಿಯ ಕಡೆ ಹೋದರು.

ಶೆಡ್ಡಿನ ಪಾಯಕ್ಕೆಂದು ಸಂಜಯ ದೊಡ್ಡಿಯ ನೆಲ ಅಗೆಸಿದ. ಮೂರು ತಲೆಮಾರು ಆಡು ಕುರಿ ನಿಂತ ನೆಲ, ಮಣ್ಣು ಮೊಳಕೈ ಆಳದವರೆಗೂ ಕಪ್ಪಾಗಿತ್ತು. ಅಗೆದ ದಿನಗಳಲ್ಲಿ ಮನೆಯಲ್ಲಿ ನಿಲ್ಲಲಾಗದಂತೆ ವಾಸನೆ ಎದ್ದಿತು. ಉಜ್ವಲಾ ಬಾಗಿಲು ಹಾಕಿಕೊಂಡು ಕುಳಿತಳು. ಆ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತುಂಬಿಸಿ ಸಂಜಯ ದ್ರಾಕ್ಷಿಯ ಬಳ್ಳಿಗಳಿಗೆ ಹಾಕಿಸಿದ. ಅಂಥ ಗೊಬ್ಬರ ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದ. ಆ ವರ್ಷ ದ್ರಾಕ್ಷಿ ಗೊನೆಗಳು ತೂಕಕ್ಕೆ ಬಳ್ಳಿ ಬಾಗುವಷ್ಟು ಬಂದವು. ಸೀ ಎಂದರೆ ಸೀ. ಉಜ್ವಲಾ ಒಂದು ಬುಟ್ಟಿ ತುಂಬಿಸಿ ಅಕ್ಕೋಳಕ್ಕೆ, ತಂಗಿಗೆ ಕಳಿಸಿದಳು.